ಆಲಮಟ್ಟಿ ಹಿನ್ನೀರಿನಿಂದ ಅಂಡಮಾನಿನ ಭರತಕ್ಕೆ

ಕೃಷ್ಣೆ, ಘಟಪ್ರಭೆಯ ದಂಡೆಯವರಿಗೆ ನೀರು ಹೊಸದೇನಲ್ಲ. ಆಲಮಟ್ಟಿ ಜಲಾಶಯ 519.60 ಮೀಟರ್‌ಗೆ ತುಂಬಿದಾಗ ಹಳೇ ಬಾಗಲಕೋಟೆಯ ಬದಿ ನಿಂತು ನೋಡಿದರೆ ಆಚೆ ದಂಡೆ ಮಸುಕು ಮಸುಕು. ಸಮುದ್ರವೆಂದರೂ ನಂಬಬಹುದು. ಕಯಾಕ್ (ಕೂತು ಹುಟ್ಟು ಹಾಕುವ ಕಿರಿದಾದ ಉದ್ದ ದೋಣಿ) ಹಿಡಿದವರು ಮೊದಲು ಮೋಸ ಹೋಗುವುದು ಇಲ್ಲೇ. ಹಿನ್ನೀರು ತಿಂಗಳುಗಟ್ಟಲೆ ಇಳಿಯುತ್ತದೆ. ಅಂಡಮಾನಿನಲ್ಲಿ ದೊಡ್ಡ ಭರತದ (ಸಮುದ್ರದ ಉಬ್ಬರವಿಳಿತದ) ದಿನ ಎರಡು ಮೀಟರ್ ನೀರು ಆರು ತಾಸಿನಲ್ಲಿ ಇಳಿದು, ಮತ್ತೆ ಆರು ತಾಸಿನಲ್ಲಿ ಏರಿ ಕೂಡುತ್ತದೆ. ಹಿನ್ನೀರಿನಲ್ಲಿ ಕೇಳುವ ಪ್ರಶ್ನೆ "ಎಷ್ಟು ದೂರ ಐತ್ರಿ?" ಅಲ್ಲಿ ಕೇಳಬೇಕಾದ್ದು "ಎಷ್ಟು ಗಂಟೆಗೆ?"

ನಾವು ಬರೆಯುತ್ತಿರುವುದು ಆರು ದಿನದ ಕಯಾಕ್ ಮತ್ತು ಹಾಯಿದೋಣಿ ಪ್ರವಾಸದ ಬಗ್ಗೆ. ಜಾಗ, ಸ್ವರಾಜ್ ದ್ವೀಪದಿಂದ (ಹಳೆಯ ಹೆಸರು ಹ್ಯಾವ್‌ಲಾಕ್) ಲಾಂಗ್ ಐಲ್ಯಾಂಡ್ ಸುತ್ತಮುತ್ತ. ಜನ ಹನ್ನೆರಡು: ಹುಟ್ಟು ಹಾಕುವವರು ಎಂಟು, ಮಾರ್ಗದರ್ಶಕರು ಇಬ್ಬರು, ಹಾಯಿದೋಣಿಯ ನಾವಿಕ, ಅವನ ಸಹಾಯಕ. ಹಾಯಿದೋಣಿ ಸುಮಾರು 12 ಮೀಟರಿನದು. ಅಡುಗೆ, ನೀರು, ನಿದ್ದೆ ಎಲ್ಲ ಅದರಲ್ಲೇ. ದಿನಕ್ಕೆ 12ರಿಂದ 15 ಕಿ.ಮೀ. ಕಯಾಕ್, ಉಳಿದ ದೂರ ಹಾಯಿಯಲ್ಲಿ.

ಕಾಲ ಜನವರಿ ಕೊನೆಯಿಂದ ಏಪ್ರಿಲ್ ಮೊದಲ ಭಾಗದವರೆಗೆ. ಅದಕ್ಕೂ ಮುಂಚೆ ಈಶಾನ್ಯ ಮಾರುತದ ಗಾಳಿ ಬಿರುಸು. ಏಪ್ರಿಲ್ ದಾಟಿದರೆ ಚಂಡಮಾರುತದ ಭಯ, ಮೇ ಮೂರನೇ ವಾರದ ಹೊತ್ತಿಗೆ ಮುಂಗಾರು ಅಂಡಮಾನಿಗೆ ಬಂದೇ ಬಿಡುತ್ತದೆ.

ತಾರೀಖು ಆರಿಸಲು ಕ್ಯಾಲೆಂಡರಿಗಿಂತ ಮೊದಲು ಪಂಚಾಂಗ ತೆಗೆಯಿರಿ. ಅಮಾವಾಸ್ಯೆ, ಹುಣ್ಣಿಮೆಯ ಒಂದೆರಡು ದಿನದ ನಂತರ ಭರತ ಅತಿ ದೊಡ್ಡದು, ಸೆಳೆತವೂ ಅತಿ ಜೋರು. ಅಷ್ಟಮಿ ಕಳೆದ ಒಂದೆರಡು ದಿನಕ್ಕೆ ಎರಡೂ ಸಣ್ಣವು. ಹೊಸಬರಿಗೆ ಸಣ್ಣ ಭರತವೇ ಬೇಕು. ಆದರೆ ಹುಟ್ಟು ತಾಗಿದಲ್ಲೆಲ್ಲ ಮಿಂಚುಹುಳದಂತೆ ಹೊಳೆಯುವ ನೀರನ್ನು ನೋಡುವ ಆಸೆ ಎಲ್ಲರಿಗೂ ಇರುತ್ತದೆ, ಅದಕ್ಕೆ ಕತ್ತಲೆ ಬೇಕು. ಕತ್ತಲೆಗೆಂದು ಅಮಾವಾಸ್ಯೆಗೆ ಹೋದರೆ ಸೆಳೆತ ಸಿಗುತ್ತದೆ. ಶುಕ್ಲ ಅಷ್ಟಮಿಗೆ ಹೋದರೆ ಸಂಜೆಗೇ ನೆತ್ತಿಯ ಮೇಲೆ ಚಂದ್ರ. ಕೃಷ್ಣ ಪಕ್ಷದ ಸಪ್ತಮಿಯಿಂದ ದ್ವಾದಶಿ, ಈ ಆರು ದಿನ ಎರಡಕ್ಕೂ ಒದಗುತ್ತವೆ. ಚಂದ್ರ ಹುಟ್ಟುವುದು ನಡುರಾತ್ರಿಯ ಆಸುಪಾಸಿಗೆ, ಹಾಗಾಗಿ ಊಟದ ಹೊತ್ತಿಗೆ ಕಗ್ಗತ್ತಲೆ, ಭರತವೂ ಸಣ್ಣದು. ಏಕಾದಶಿ ಉಪವಾಸದವರು ಆ ದಿನ ಹುಟ್ಟು ಹಿಡಿಯದೆ ಹಾಯಿದೋಣಿಯಲ್ಲೇ ಕೂರುವುದು ವಾಸಿ.

ತಯಾರಿ ಸೆಪ್ಟೆಂಬರ್‌ನಿಂದ ನವೆಂಬರ್, ಹಿನ್ನೀರಿನಲ್ಲಿ. ಸಂಬಂಧಪಟ್ಟವರ ಅನುಮತಿ ಪಡೆದು, ಅಣೆಕಟ್ಟಿನ ಗೇಟುಗಳಿಂದ ಬಹಳ ದೂರದಲ್ಲಿ. ಮುಳುಗಿದ ಮನೆಗಳ ಗೋಡೆ, ಜಾಲಿ ಮರದ ಬೊಡ್ಡೆ ನೀರಿನಡಿ ಒಂದು ಗೇಣಿನಲ್ಲೇ ಇರಬಹುದು. ಅವು ಪ್ಲಾಸ್ಟಿಕ್ ಕಯಾಕಿಗೆ ಗೀರು ಹಾಕುತ್ತವೆ, ಫೈಬರಿನದನ್ನು ಸೀಳುತ್ತವೆ. ಸಾಲಾಗಿ ತೇಲುವ ಥರ್ಮಾಕೋಲ್ ತುಂಡು, ಖಾಲಿ ಬಾಟಲಿ ಕಂಡರೆ ಅಡಿಯಲ್ಲಿ ಮೀನುಗಾರರ ಬಲೆ ಇದೆಯೆಂದು ತಿಳಿದು ಸುತ್ತು ಹಾಕಿ. ಚುಕ್ಕಾಣಿಗೆ ಬಲೆ ಸಿಕ್ಕರೆ ಬಲೆ ಅವರದು, ಬೈಗುಳ ನಮ್ಮದು.

ಆರು ಅಭ್ಯಾಸ ಸಾಕು, ಪ್ರತಿಯೊಂದೂ ಮೂರು ತಾಸು. ಮೊದಲು ಕೂರುವುದು. ಪಾದದ ಮುಂಭಾಗ ಪೆಡಲಿಗೆ ತಾಗಬೇಕು, ಮೊಣಕಾಲು ತುಸು ಮಡಿಚಿ ಹೊರಕ್ಕೆ ವಾಲಿ ತೊಡೆ ಕಯಾಕಿನ ಮೇಲ್ಛಾವಣಿಗೆ ಒಳಗಿನಿಂದ ಒತ್ತಿರಬೇಕು. ಸಡಿಲ ಕೂತರೆ ಕಯಾಕ್ ನಿಮ್ಮ ಮಾತು ಕೇಳುವುದಿಲ್ಲ. ಹುಟ್ಟು 210ರಿಂದ 230 ಸೆಂ.ಮೀ.; ಎತ್ತರದವರಿಗೆ, ಅಗಲ ಕಯಾಕಿಗೆ ಉದ್ದದ್ದು. ಹರಿಗೋಲು ಹಾಕಿ ರೂಢಿ ಇರುವವರು ತೋಳಿನಿಂದ ನೀರನ್ನು ಎಳೆಯುತ್ತಾರೆ. ಒಂದು ತಾಸು ಎಳೆಯಬಹುದು, ಮೂರನೇ ತಾಸಿಗೆ ಭುಜ ಬಿದ್ದುಹೋಗುತ್ತದೆ. "ಕೈಲೆ ಜಗ್ಗಬ್ಯಾಡ ತಮ್ಮಾ, ನಡಾ ತಿರುವು" ಎಂದು ನೂರು ಸಲ ಹೇಳಬೇಕಾಗುತ್ತದೆ. ಹುಟ್ಟಿನ ಎಲೆ ಪಾದದ ಹತ್ತಿರ ಪೂರ್ತಿ ಮುಳುಗಬೇಕು, ಸೊಂಟದ ಹತ್ತಿರ ಬಂದಾಗ ಹೊರಬರಬೇಕು. ಅದಕ್ಕಿಂತ ಹಿಂದಕ್ಕೆ ಎಳೆದರೆ ನೀರನ್ನು ಮೇಲಕ್ಕೆ ಎತ್ತಿದಂತೆ, ಮುಂದೆ ಹೋದಂತಲ್ಲ. ಹಿಡಿತ ಸಡಿಲ ಇರಲಿ. ಹೆಬ್ಬೆರಳಿನ ಬುಡದಲ್ಲಿ ಬೊಬ್ಬೆ ಎದ್ದರೆ ಬಿಗಿ ಹಿಡಿದಿದ್ದೀರಿ ಎಂದೇ ಅರ್ಥ.

ಮಗುಚುವುದನ್ನು ಎದೆಮಟ್ಟದ ನೀರಿನಲ್ಲಿ ಕಲಿಯಿರಿ. ತಲೆಕೆಳಗಾದ ಕೂಡಲೇ ಮೈ ಮುಂದಕ್ಕೆ ಬಾಗಿಸಿ, ಸ್ಪ್ರೇ ಸ್ಕರ್ಟಿನ (ಕೂರುವ ಬಾಯಿಗೆ ನೀರು ಬರದಂತೆ ಸೊಂಟದ ಸುತ್ತ ಹಾಕುವ ಹೊದಿಕೆ) ಮುಂದಿರುವ ಕುಣಿಕೆಯನ್ನು ಮುಂದಕ್ಕೂ ಮೇಲಕ್ಕೂ ಎಳೆದು, ಎರಡೂ ಬದಿ ಕೈಯೂರಿ ಪ್ಯಾಂಟ್ ಕಳಚಿದಂತೆ ಹೊರಬರುವುದು. ಸ್ಕರ್ಟ್ ಹಾಕುವಾಗ ಆ ಕುಣಿಕೆ ಒಳಗೆ ಸಿಕ್ಕಿಕೊಂಡಿದ್ದರೆ ಇದೆಲ್ಲ ವ್ಯರ್ಥ. ಅದಕ್ಕೇ ಹೊರಡುವ ಮುನ್ನ ಪಕ್ಕದವರ ಕುಣಿಕೆಯನ್ನು ಪ್ರತಿಯೊಬ್ಬರೂ ಕಣ್ಣಾರೆ ನೋಡಬೇಕು. ಹೊರಬಂದ ಮೇಲೆ ಕಯಾಕನ್ನು ಬಿಡಬೇಡಿ. ಖಾಲಿ ಕಯಾಕ್ ಗಾಳಿಗೆ ತೇಲುವ ವೇಗಕ್ಕೆ ಈಜುಗಾರ ಸಮನಲ್ಲ.

ಎತ್ತುವ ಕ್ರಮ ಹೀಗೆ. ಸಹಾಯಕ್ಕೆ ಬಂದವರು ಮಗುಚಿದ ಕಯಾಕಿನ ಮೂತಿಯನ್ನು ತಮ್ಮ ಕಯಾಕಿನ ಮೇಲೆ ಅಡ್ಡ ಎಳೆದು ನೀರು ಸುರಿಸಿ, ನೇರ ಮಾಡಿ, ಪಕ್ಕಕ್ಕೆ ತಂದು, ಅದರ ಮೇಲೆ ಮೈಭಾರ ಹಾಕಿ ಹಿಡಿಯಬೇಕು. ನೀರಿನಲ್ಲಿರುವವರು ಮಲಗಿದ ಭಂಗಿಯಲ್ಲಿ ಒಂದು ಹಿಮ್ಮಡಿಯನ್ನು ಒಳಗೆ ಸಿಕ್ಕಿಸಿ ಹೊರಳಿ ಕೂರಬೇಕು. ಆದರೆ ಸಾಮಾನು ತುಂಬಿದ ಕಯಾಕಿನ ಮೂತಿ ಎತ್ತಲು ಹೋಗಬೇಡಿ, ಬೆನ್ನು ಹಿಡಿದುಕೊಳ್ಳುತ್ತದೆ. ನೇರ ಮಾಡಿ, ಕೂರಿಸಿ, ಆಮೇಲೆ ಕೈಪಂಪಿನಿಂದ ನೀರು ತೆಗೆಯಿರಿ. ನಾಲ್ಕೈದು ನಿಮಿಷ ಹಿಡಿಯುತ್ತದೆ, ಅಷ್ಟೂ ಹೊತ್ತು ಇನ್ನೊಬ್ಬರು ಹಿಡಿದೇ ಇರಬೇಕು.

ಸಾಮಾನು ಕಟ್ಟುವಾಗ ಕಯಾಕಿನ ಮುಚ್ಚಳವನ್ನು ನೆನಪಿಡಿ. ದುಂಡು ಮುಚ್ಚಳದ ಬಾಯಿ ಸುಮಾರು 24 ಸೆಂ.ಮೀ.; 20 ಲೀಟರಿನ ದೊಡ್ಡ ಚೀಲ ಒಳಗೆ ಹೋಗುವುದೇ ಇಲ್ಲ. 5, 8, 10 ಲೀಟರಿನ ನೀರು ತಾಗದ ಚೀಲಗಳು ಬೇಕು, ಗಾಳಿ ಹಿಂಡಿ ತೆಗೆದು ಬಾಯನ್ನು ಕನಿಷ್ಠ ಮೂರು ಸುತ್ತು ಮಡಚಬೇಕು. ನೀರಿನ ಕ್ಯಾನಿನಂಥ ಭಾರದ್ದು ಆಸನದ ಹಿಂದೆ-ಮುಂದೆ ತಳಕ್ಕೆ, ಬಟ್ಟೆ ಮೂತಿಗೆ ಮತ್ತು ಬಾಲಕ್ಕೆ. ಮೂತಿ ಭಾರವಾದರೆ ಹಿಂದಿನಿಂದ ಬಂದ ಅಲೆ ಕಯಾಕನ್ನು ಅಡ್ಡ ತಿರುಗಿಸಿ ಮಗುಚುತ್ತದೆ.

ಕುಡಿಯುವ ನೀರು ತಲೆಗೆ ದಿನಕ್ಕೆ 4 ಲೀಟರ್. ಹನ್ನೆರಡು ಜನ, ಆರು ದಿನ: 288 ಲೀಟರ್. ಅಡುಗೆಯ ನೀರು ಬೇರೆ. ಜನವಸತಿಯಿಲ್ಲದ ದ್ವೀಪದಲ್ಲಿ ಸಿಹಿನೀರು ಸಿಗುತ್ತದೆಂದು ಲೆಕ್ಕ ಹಾಕಬೇಡಿ. ಓಆರ್‌ಎಸ್ ಪೊಟ್ಟಣ ತಲೆಗೆ ದಿನಕ್ಕೊಂದು.

ಬುತ್ತಿಯ ವಿಷಯದಲ್ಲಿ ಮಾತ್ರ ನಮ್ಮ ಕಡೆಯವರು ಯಾರಿಗೂ ಸೋಲುವವರಲ್ಲ. ಜೋಳದ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ, ಅಮೀನಗಡದ ಕರದಂಟು: ಒಲೆ ಬೇಡ, ಫ್ರಿಜ್ ಬೇಡ, ಒಂದು ತುಂಡು ಬಾಯಿಗಿಟ್ಟರೆ ಮತ್ತೊಂದು ತಾಸು ಹುಟ್ಟು ಹಾಕಬಹುದು. ಊರಿನ ಒಣಹವೆಯಲ್ಲಿ ವಾರಗಟ್ಟಲೆ ಕಡಕ್ ಇರುವ ರೊಟ್ಟಿ ಸಮುದ್ರದ ಗಾಳಿಗೆ ಒಂದೇ ರಾತ್ರಿಯಲ್ಲಿ ಮೆತ್ತಗಾಗುತ್ತದೆ, ಆಮೇಲೆ ಬೂಸು. ಒಂದೇ ದೊಡ್ಡ ಡಬ್ಬಿ ಒಯ್ಯದೆ ದಿನಕ್ಕೊಂದರಂತೆ ಆರು ಡಬ್ಬಿ ಮಾಡಿ, ಮುಚ್ಚಳದ ಸುತ್ತ ಟೇಪ್ ಸುತ್ತಿ, ಆಯಾ ದಿನದ್ದನ್ನು ಆಯಾ ದಿನವೇ ಒಡೆಯಿರಿ. ಬೆಳಗಾವಿ ಕುಂದಾ ಬೇಡ. ಹಾಲಿನದು, ಆ ಸೆಕೆಗೆ ತಡೆಯುವುದಿಲ್ಲ.

ವಿಮಾನ ಏರುವಾಗ ಪವರ್ ಬ್ಯಾಂಕ್ ಕೈಚೀಲದಲ್ಲಿರಲಿ, ಕ್ಯಾಂಪಿಂಗ್ ಗ್ಯಾಸ್ ಡಬ್ಬಿ ಯಾವ ಚೀಲದಲ್ಲೂ ಬೇಡ. ಸ್ಯಾಟಲೈಟ್ ಫೋನ್ ಪರವಾನಗಿ ಇಲ್ಲದೆ ಒಯ್ದರೆ ನಮ್ಮ ದೇಶದಲ್ಲಿ ಅಪರಾಧ. ಇಳಿಯುವುದು ಪೋರ್ಟ್ ಬ್ಲೇರಿನಲ್ಲಿ. 2024ರಿಂದ ಅದರ ಹೆಸರು ಶ್ರೀ ವಿಜಯಪುರಂ. ವಿಜಯಪುರದವರು ಟಿಕೆಟ್ ತೆಗೆಯುವಾಗ ಒಂದು ನಗೆ ನಕ್ಕೇ ತೆಗೆಯುತ್ತಾರೆ. ಎರಡೂ ವಿಜಯಪುರಕ್ಕೆ ಗಡಿಯಾರ ಒಂದೇ, ಸೂರ್ಯ ಮಾತ್ರ ಅಲ್ಲಿ ಒಂದು ತಾಸು ಎಂಟು ನಿಮಿಷದಷ್ಟು ಮುಂದೆ. ಫೆಬ್ರುವರಿಯಲ್ಲಿ ಸಂಜೆ ಐದೂವರೆಗೆಲ್ಲ ಹೊತ್ತು ಮುಳುಗುತ್ತದೆ. ಊರಿನ ಲೆಕ್ಕದಲ್ಲಿ "ಆರಕ್ಕೆ ದಂಡೆ ಸೇರೋಣ" ಎಂದರೆ ಹವಳದ ಬಂಡೆಗಳ ನಡುವೆ ಕತ್ತಲೆಯಲ್ಲಿ ದಾರಿ ಹುಡುಕಬೇಕಾಗುತ್ತದೆ.

ಮೊದಲ ದಿನ ನೀರಿಗಿಳಿಯುವ ಮುನ್ನ ಮಾರ್ಗದರ್ಶಕರಿಂದ ಕೇಳಿ ನೋಡಬೇಕಾದ್ದು: ಅರಣ್ಯ ಇಲಾಖೆಯ ಅನುಮತಿ ಪತ್ರ, ವಿಎಚ್‌ಎಫ್ ರೇಡಿಯೊ (ತುರ್ತು ಕರೆಗೆ 16ನೇ ಚಾನಲ್), ಎಳೆಹಗ್ಗ, ಹೆಚ್ಚುವರಿ ಹುಟ್ಟು, ಆ ವಾರದ ಭರತದ ಪಟ್ಟಿ. ಮೊಬೈಲ್ ಸಿಗ್ನಲ್ ಇರುವಲ್ಲಿ ಕರಾವಳಿ ರಕ್ಷಣಾ ಪಡೆಯ ತುರ್ತು ಸಂಖ್ಯೆ 1554. ಸ್ವರಾಜ್ ದ್ವೀಪ ಇರುವ ರಿಚಿ ದ್ವೀಪಸಮೂಹದಲ್ಲಿ ಜನ ನೆಲೆಸಿರುವುದು ಸ್ವರಾಜ್, ಶಹೀದ್ (ಹಳೆಯ ಹೆಸರು ನೀಲ್) ಎರಡರಲ್ಲೇ. ಉಳಿದವುಗಳಲ್ಲಿ ಬಹುಪಾಲು ರಾಣಿ ಝಾನ್ಸಿ ಸಾಗರ ರಾಷ್ಟ್ರೀಯ ಉದ್ಯಾನಕ್ಕೆ ಸೇರಿವೆ. ಅನುಮತಿ ಇಲ್ಲದೆ ಇಳಿಯುವಂತಿಲ್ಲ, ರಾತ್ರಿ ತಂಗುವ ಮಾತೇ ಇಲ್ಲ. ಹಾಯಿದೋಣಿಯಲ್ಲಿ ಮಲಗುವ ಏರ್ಪಾಟು ಇರುವುದಕ್ಕೆ ಇದೂ ಒಂದು ಕಾರಣ. ಪತ್ರ ತೋರಿಸಲು ತಡವರಿಸುವ ಮಾರ್ಗದರ್ಶಕರ ಜೊತೆ ಹೊರಡಬೇಡಿ.

ಇನ್ನು ಭರತ. ಏರಿಳಿತವನ್ನು ಹನ್ನೆರಡು ಪಾಲು ಮಾಡಿ. ಮೊದಲ ತಾಸಿಗೆ ಒಂದು ಪಾಲು, ಎರಡನೆಯದಕ್ಕೆ ಎರಡು, ಮೂರು-ನಾಲ್ಕನೇ ತಾಸಿಗೆ ಮೂರು ಮೂರು, ಐದಕ್ಕೆ ಎರಡು, ಆರಕ್ಕೆ ಒಂದು. ಏರಿಳಿತ ಎರಡು ಮೀಟರ್ ಇದ್ದ ದಿನ ಮೊದಲ ತಾಸಿನಲ್ಲಿ 17 ಸೆಂ.ಮೀ. ಇಳಿದದ್ದು ನಡುವಿನ ಎರಡು ತಾಸಿನಲ್ಲಿ ಪೂರಾ ಒಂದು ಮೀಟರ್ ಇಳಿಯುತ್ತದೆ. ಅಷ್ಟು ನೀರು ಎಲ್ಲಿಂದಲೋ ಎಲ್ಲಿಗೋ ಹೋಗಲೇಬೇಕಲ್ಲ. ದ್ವೀಪಗಳ ನಡುವಿನ ಇಕ್ಕಟ್ಟಿನಲ್ಲಿ ಅದು ಕಾಲುವೆಗೆ ಬಿಟ್ಟ ನೀರಿನಂತೆ ನುಗ್ಗುತ್ತದೆ. ಹೊಸಬರ ವೇಗ ತಾಸಿಗೆ 4ರಿಂದ 5 ಕಿ.ಮೀ. ಎದುರು ಸೆಳೆತ 4 ಇದ್ದರೆ ಬೆವರು ಸುರಿಸಿದರೂ ಅದೇ ಮರ ಅದೇ ಜಾಗದಲ್ಲಿ ಕಾಣುತ್ತಿರುತ್ತದೆ. ಅಂಥ ಇಕ್ಕಟ್ಟು ದಾಟುವುದು ನೀರು ಏರಿ ಅಥವಾ ಇಳಿದು ನಿಂತ ಆ ಅರ್ಧ-ಮುಕ್ಕಾಲು ತಾಸಿನಲ್ಲಿ. ತಡವಾದರೆ ದಂಡೆಯಲ್ಲಿ ಕೂತು ಕರದಂಟು ತಿನ್ನಿ, ಹಟ ಬೇಡ. ಮರುದಿನ ಎಲ್ಲವೂ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ಹಾಗಾಗಿ ನಿನ್ನೆಯ ವೇಳಾಪಟ್ಟಿ ಇವತ್ತಿಗೆ ನಡೆಯುವುದಿಲ್ಲ.

ಅಡ್ಡ ಸೆಳೆತ ದಾಟುವ ಲೆಕ್ಕವೂ ಬೇಕು. ಎದುರಿನ ದ್ವೀಪ 5 ಕಿ.ಮೀ., ನಿಮ್ಮ ವೇಗ ತಾಸಿಗೆ 5, ಸೆಳೆತ ಬಲದಿಂದ ಎಡಕ್ಕೆ 2 ಎಂದುಕೊಳ್ಳಿ. ಮೂತಿಯನ್ನು ನೇರ ದ್ವೀಪಕ್ಕೇ ಇಟ್ಟು ಹೊಡೆದರೆ ಒಂದು ತಾಸಿನ ಮೇಲೆ ಎರಡು ಕಿ.ಮೀ. ಎಡಕ್ಕಿರುತ್ತೀರಿ, ಅಲ್ಲಿಂದ ಸೆಳೆತಕ್ಕೆ ಎದುರಾಗಿ ವಾಪಸ್ ಬರಬೇಕು. ಮೂತಿಯನ್ನು ಸುಮಾರು 24 ಡಿಗ್ರಿ ಬಲಕ್ಕೆ ಓರೆ ಇಟ್ಟರೆ 65 ನಿಮಿಷಕ್ಕೆ ನೇರ ತಲುಪುತ್ತೀರಿ. ಡಿಗ್ರಿ ಅಳೆಯುವ ಗೊಡವೆ ಬೇಡವೆಂದರೆ ನೇಗಿಲು ಹೊಡೆಯುವವರ ಉಪಾಯ ಸಾಕು: ದಂಡೆಯ ಒಂದು ಬಂಡೆ, ಅದರ ಹಿಂದಿನ ಗುಡ್ಡದ ಒಂದು ಮರ ಆರಿಸಿಕೊಳ್ಳಿ. ಎರಡೂ ಒಂದರ ಹಿಂದೊಂದು ಇರುವವರೆಗೆ ಸಾಲು ನೇರ. ಮರ ಬಂಡೆಯಿಂದ ಎಡಕ್ಕೆ ಜಾರಿದರೆ ನೀವೂ ಎಡಕ್ಕೆ ಜಾರಿದ್ದೀರಿ.

ಗಾಳಿ ಒಂದು ಕಡೆ, ಸೆಳೆತ ಅದಕ್ಕೆದುರು ಆದಾಗ ಅಲೆ ಗಿಡ್ಡ, ಕಡಿದು, ಮುರಿಯುವಂಥದ್ದು. ಗಾಳಿ ಹೆಚ್ಚದಿದ್ದರೂ, ಭರತ ತಿರುಗಿದ ಕೂಡಲೇ ಹದಿನೈದು ನಿಮಿಷದಲ್ಲಿ ಸಮುದ್ರದ ಮುಖ ಬದಲಾಗಬಹುದು. ಹಿನ್ನೀರು ಕಲಿಸಲಾರದ ಪಾಠ ಇದು. ಅಡ್ಡಗಾಳಿಯಲ್ಲಿ ಕಯಾಕ್ ತಾನಾಗಿ ಗಾಳಿಯ ಕಡೆ ಮೂತಿ ತಿರುಗಿಸುತ್ತದೆ; ಆಗ ಚುಕ್ಕಾಣಿ ಇಳಿಸಿ. ಚುಕ್ಕಾಣಿ ಇರುವುದು ತಿರುಗಲಿಕ್ಕೆ ಎಂಬುದಕ್ಕಿಂತ ನೇರ ಹೋಗಲಿಕ್ಕೆ.

ಸ್ವರಾಜ್ ದ್ವೀಪದಿಂದ ಲಾಂಗ್ ಐಲ್ಯಾಂಡ್ ಉತ್ತರಕ್ಕೆ ಸುಮಾರು 40 ಕಿ.ಮೀ. ಈ ಕಾಲದ ಗಾಳಿ ಈಶಾನ್ಯದ್ದು, ಎದುರು ಓರೆಗೆ ಬರುತ್ತದೆ. ಈ ಹಾದಿಗೆ ಕಯಾಕುಗಳನ್ನು ಹಾಯಿದೋಣಿಯ ಮೇಲೆ ಬದಿಗೆ ಬಿಗಿದು ಕಟ್ಟಿ, ಹಾಯಿ ಎತ್ತುವುದು. ಹಿಂದೆ ಕಟ್ಟಿ ಎಳೆದರೆ ಕಯಾಕ್ ಅಲೆಯಲ್ಲಿ ಹೊರಳಿ ನೀರು ತುಂಬಿಕೊಳ್ಳುತ್ತದೆ.

ಯಾವ ಹಾಯಿದೋಣಿಯೂ ಗಾಳಿಯ ಕಣ್ಣಿಗೆ ನೇರ ಹೋಗದು, ಎರಡೂ ಬದಿ ಸುಮಾರು 45 ಡಿಗ್ರಿ ಬಿಟ್ಟೇ ಹೋಗಬೇಕು. ಗಾಳಿ ನೇರ ಎದುರಿದ್ದರೆ 10 ಕಿ.ಮೀ. ದಾರಿ ಅಂಕುಡೊಂಕಾಗಿ 14 ಆಗುತ್ತದೆ. ದಿಕ್ಕು ಬದಲಿಸುವಾಗ ನಾವಿಕ ಕೂಗುತ್ತಾನೆ. ಕೂಗು ಕೇಳಿದೊಡನೆ ತಲೆ ತಗ್ಗಿಸಿ. ಹಾಯಿಯ ಅಡಿಯ ಅಡ್ಡಗಳೆ, ಬೂಮ್, ಒಂದು ಬದಿಯಿಂದ ಇನ್ನೊಂದಕ್ಕೆ ಬೀಸುತ್ತದೆ. ಗಾಳಿ ಹಿಂದಿನಿಂದ ಇರುವಾಗ ಆ ಬೀಸು ಎಮ್ಮೆ ಕೊಂಬಿನ ಹೊಡೆತ. ಹಗ್ಗ ಹಿಡಿಯುವವರು ಅದನ್ನು ಕೈಗೆ ಸುತ್ತಿಕೊಳ್ಳಬಾರದು. ಗಾಳಿ 15 ನಾಟ್ (ತಾಸಿಗೆ ಸುಮಾರು 28 ಕಿ.ಮೀ.) ದಾಟುವ ಸೂಚನೆ ಕಂಡಾಗಲೇ ಹಾಯಿಯನ್ನು ಒಂದು ಪಟ್ಟು ಮಡಚಿ ಕಿರಿದು ಮಾಡಿಸಿ. ಇಪ್ಪತ್ತಾದ ಮೇಲೆ ಮಡಚುವುದು ಎರಡು ಪಟ್ಟು ಕಷ್ಟ. ವಾಂತಿಯ ಮಾತ್ರೆ ಹೊಟ್ಟೆ ತೊಳಸಿದ ಮೇಲೆ ನುಂಗಿದರೆ ಪ್ರಯೋಜನವಿಲ್ಲ, ವೈದ್ಯರನ್ನು ಕೇಳಿ ಒಂದು ತಾಸು ಮುಂಚೆಯೇ ತೆಗೆದುಕೊಳ್ಳಿ. ಒಳಗೆ ಕೂರದೆ ಮೇಲೆ ಬಂದು ದಿಗಂತ ನೋಡಿ.

ಲಂಗರಿನ ಹಗ್ಗದ ಲೆಕ್ಕವನ್ನು ಸಂಜೆ ನಾವಿಕನ ಜೊತೆ ನೀವೂ ಹಾಕಿ. ಆಳ 5 ಮೀಟರ್, ನೀರಿನ ಮೇಲೆ ಮೂತಿಯ ಎತ್ತರ 1, ಇನ್ನು ಏರಬೇಕಾದ ಭರತ 2, ಒಟ್ಟು 8. ಐದು ಪಟ್ಟು ಎಂದರೆ 40 ಮೀಟರ್ ಬಿಡಬೇಕು. ಭರತ ಮರೆತು 30 ಬಿಟ್ಟರೆ ರಾತ್ರಿ ನೀರೇರಿದಾಗ ನಾಲ್ಕು ಪಟ್ಟೂ ಉಳಿಯದೆ ಲಂಗರು ಮೇಲಕ್ಕೆ ಎಳೆದು ಜಾರುತ್ತದೆ. ಮರಳಿನ ಬಿಳಿ ಜಾಗದಲ್ಲೇ ಬಿಡಿ, ಕಪ್ಪಗೆ ಕಂಡದ್ದು ಹವಳ.

ಲಾಂಗ್ ಐಲ್ಯಾಂಡಿನ ಲಾಲಾಜಿ ಕೊಲ್ಲಿ, ನಾರ್ತ್ ಪ್ಯಾಸೇಜ್ ದ್ವೀಪದ ಮರ್ಕ್ ಕೊಲ್ಲಿ ಕಯಾಕಿಗೆ ಹೇಳಿ ಮಾಡಿಸಿದ ಜಾಗಗಳು. ಇಲ್ಲೂ ಗಂಟೆಯೇ ಮುಖ್ಯ. ನೀರು ತುಂಬಿದಾಗ ಸಲೀಸಾಗಿ ಹತ್ತಿದ ದಂಡೆ, ಊಟ ಮುಗಿಸಿ ಏಳುವ ಹೊತ್ತಿಗೆ ನೂರಾರು ಹೆಜ್ಜೆ ಹವಳದ ಕಲ್ಲಾಗಿರಬಹುದು. ಬರಿಗಾಲಲ್ಲಿ ಕಯಾಕ್ ಹೊತ್ತು ನಡೆದರೆ ಕಾಲು ಕೊಯ್ಯುತ್ತದೆ, ಹವಳ ಕೊಯ್ದ ಗಾಯ ಬೇಗ ಮಾಯುವುದಿಲ್ಲ. ಸಿಹಿನೀರಿನಲ್ಲಿ ಉಜ್ಜಿ ತೊಳೆಯಿರಿ. ಸ್ಟೋನ್‌ಫಿಶ್ (ಕಲ್ಲಿನಂತೆ ಕಾಣುವ ವಿಷದ ಮೀನು) ಮುಳ್ಳು ಚುಚ್ಚಿದರೆ ತಡೆಯುವಷ್ಟು ಬಿಸಿ ನೀರಿನಲ್ಲಿ ಕಾಲಿಟ್ಟು ಆಸ್ಪತ್ರೆಗೆ ಸಾಗಿಸಿ. ಕಯಾಕನ್ನು ಒಣಗಿದ ಎಲೆ-ಕಸದ ಸಾಲು ದಾಟಿಸಿ ಎಳೆದು, ಆಮೇಲೂ ಮರಕ್ಕೆ ಕಟ್ಟಿ. ಆ ಸಾಲೇ ಹಿಂದಿನ ಭರತದ ಗುರುತು. ಚಿಪ್ಪು, ಹವಳದ ಚೂರು ಜೇಬಿಗೆ ಹಾಕಬೇಡಿ. ಹವಳಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ವಿಮಾನ ನಿಲ್ದಾಣದಲ್ಲಿ ಚೀಲ ತಪಾಸಣೆಯಾಗುತ್ತದೆ.

ಮ್ಯಾಂಗ್ರೋವ್ ಕಾಡಿನ ನಡುವಿನ ಕಾಲುವೆಗಳಿಗೆ ನೀರು ಏರುವಾಗ ಒಳಹೋಗಿ, ತುಂಬಿ ನಿಂತ ಕೂಡಲೇ ಹೊರಬನ್ನಿ. ಇಳಿಯುವಾಗ ಒಳಗಿದ್ದರೆ ಮೊಣಕಾಲುದ್ದ ರಾಡಿಯಲ್ಲಿ ಆರು ತಾಸು ಕಾಯಬೇಕು. ಕಾಯುವ ಜಾಗವೂ ಅಲ್ಲ ಅದು. ಕೃಷ್ಣೆಯ ಮಡುವಿನಲ್ಲಿ ಮೊಸಳೆ ಕಂಡವರಿಗೆ ಹೇಳುವುದಿಷ್ಟೇ: ಇಲ್ಲಿಯದು ಉಪ್ಪುನೀರಿನ ಮೊಸಳೆ, ದೊಡ್ಡ ಗಂಡು ಐದು ಮೀಟರ್ ದಾಟುತ್ತದೆ, ಸಮುದ್ರದಲ್ಲೂ ಈಜುತ್ತದೆ. ಮುಸ್ಸಂಜೆಗೆ ಕಾಲುವೆಯ ಬಾಯಲ್ಲಿ ಪಾತ್ರೆ ತೊಳೆಯುವುದು, ಕೈಕಾಲು ಇಳಿಬಿಟ್ಟು ಕೂರುವುದು ಬೇಡ. ರಾತ್ರಿ ಹೊಳೆಯುವ ನೀರು ನೋಡಲು ಹೋಗುವಾಗ ಜಾಗವನ್ನು ಸ್ಥಳೀಯ ಮಾರ್ಗದರ್ಶಕರೇ ಆರಿಸಲಿ. ಮರಳುನೊಣಕ್ಕೆ ಕೊಬ್ಬರಿ ಎಣ್ಣೆ ದಪ್ಪಗೆ ಹಚ್ಚಿಕೊಳ್ಳಿ. ಕಚ್ಚಿದ ಮೇಲೆ ಕೆರೆದರೆ ವಾರ ಪೂರ್ತಿ ತುರಿಕೆ.

ಬಿಸಿಲು ನಮಗೆ ಗೊತ್ತು ಎಂಬ ಧಿಮಾಕು ನಮ್ಮ ಸೀಮೆಯವರಿಗೆ ಇರುತ್ತದೆ. ನೀರಿನ ಮೇಲಿನ ಬಿಸಿಲು ಕೆಳಗಿನಿಂದಲೂ ಹೊಡೆಯುತ್ತದೆ. ಗದ್ದದ ಅಡಿ, ಮೂಗಿನ ಹೊಳ್ಳೆ, ಮುಂಗೈ, ಪಾದದ ಮೇಲ್ಭಾಗ ಸುಡುತ್ತವೆ. ತುಂಬುತೋಳಿನ ತೆಳು ಅಂಗಿ, ಬೆರಳು ಬಿಟ್ಟ ಕೈಗವಸು, ಗದ್ದಕ್ಕೆ ಕಟ್ಟುವ ಟೋಪಿ ಸಾಕು.

ಹಿಂದಿರುಗುವ ದಾರಿ ದಕ್ಷಿಣಕ್ಕೆ, ಗಾಳಿ ಬೆನ್ನ ಕಡೆಯಿಂದ, ಸುಖ. ಊರಿಗೆ ಬಂದ ದಿನವೇ ಎಲ್ಲವನ್ನೂ ಸಿಹಿನೀರಿನಲ್ಲಿ ಎರಡು ಸಲ ಅದ್ದಿ ತೆಗೆಯಿರಿ: ಪಂಪಿನೊಳಗೆ ನೀರು ಆಡಿಸಿ, ಜಿಪ್ಪುಗಳನ್ನು ನೀರಿನಲ್ಲೇ ನಾಲ್ಕು ಸಲ ಎಳೆದಾಡಿಸಿ, ಜೋಡಿಸುವ ಹುಟ್ಟಿನ ನಡುಕೀಲನ್ನು ಬಿಡಿಸಿ ತೊಳೆಯಿರಿ. ತೊಳೆಯದೆ ಜೋಡಿಸಿಟ್ಟ ಹುಟ್ಟು ಮುಂದಿನ ಸೆಪ್ಟೆಂಬರ್‌ಗೆ ಬಿಚ್ಚುವುದೇ ಇಲ್ಲ. ಲೈಫ್ ಜಾಕೆಟ್ಟನ್ನು ಮಾಳಿಗೆಯ ಬಿಸಿಲಿಗೆ ಹರವಬೇಡಿ, ಒಳಗಿನ ಫೋಮ್ ಕುಗ್ಗಿ ತೇಲಿಸುವ ಬಲ ಕಳೆದುಕೊಳ್ಳುತ್ತದೆ. ಪಡಸಾಲೆಯ ನೆರಳಿನಲ್ಲಿ, ಗಾಳಿಯಾಡುವ ಕಡೆ ನೇತುಹಾಕಿ.